ಗುಡ್ಡದ ಸೈಕಲ್: ಹಣ ಕೊಡುವ ಮುಂಚೆ ನೋಡಬೇಕಾದ್ದು

ಗೊಬ್ಬರದ ಇಂಡೆಂಟು ಕೊಡಲು, ಕಾಳುಮೆಣಸಿನ ಧಾರಣೆ ವಿಚಾರಿಸಲು ಸಂಘದ ಕಛೇರಿಗೆ ಬರುವ ಸದಸ್ಯರು ಈಚೆಗೆ ಹೊರಡುವ ಮುಂಚೆ ಇನ್ನೊಂದು ಪ್ರಶ್ನೆಯನ್ನೂ ಕೇಳುವುದುಂಟು. “ಮಗ ಗೇರ್ ಸೈಕಲ್ ಬೇಕೆಂದು ಹಠ ಹಿಡಿದಿದ್ದಾನೆ. ಹನ್ನೆರಡು ಸಾವಿರಕ್ಕೂ ಇದೆಯಂತೆ, ಒಂದೂವರೆ ಲಕ್ಷಕ್ಕೂ ಇದೆಯಂತೆ. ನೋಡಲು ಎರಡೂ ಒಂದೇ ಥರ. ಏನು ವ್ಯತ್ಯಾಸ ಮಾರಾಯ್ರೇ?” ಏಳೆಂಟು ವರ್ಷಗಳಿಂದ ತೋಟದ ಸುತ್ತು ಹಾಕಲು ನಾನೇ ಇಂಥದೊಂದು ಸೈಕಲನ್ನು ಬಳಸುತ್ತಿರುವುದರಿಂದ ಉತ್ತರ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಬ್ಬೊಬ್ಬರಿಗೂ ಕಾಫಿ ಆರುವತನಕ ಹೇಳುವ ಬದಲು ಇಲ್ಲಿ ಬರೆದಿದ್ದೇನೆ.

ಎರಡು ಮೂರು ಎಕರೆಯ ಹಿಡುವಳಿದಾರನಿಗೆ ಇದು ಸಣ್ಣ ಖರ್ಚಲ್ಲ. ಹಣ ಹೋಗುವುದು ಒಂದು ಕಡೆಯಾದರೆ, ನಮ್ಮ ಊರಿನ ಇಳಿಜಾರುಗಳಲ್ಲಿ ಬ್ರೇಕು ಹಿಡಿಯದ ಸೈಕಲ್ಲಿನ ಮೇಲೆ ಹದಿನಾಲ್ಕು ವರ್ಷದ ಹುಡುಗ ಕುಳಿತಿರುತ್ತಾನೆ ಎಂಬುದು ಇನ್ನೊಂದು ಕಡೆ. ಆದುದರಿಂದ ವಿಷಯ ಸ್ವಲ್ಪ ವಿವರವಾಗಿಯೇ ಇರಲಿ.

“ಯಾವ ಸೈಕಲ್ ಒಳ್ಳೆಯದು?” ಎಂದು ಕೇಳಿದರೆ ಉತ್ತರ ಹೇಳಲಾಗದು. ಎತ್ತರ ಎಷ್ಟು, ಮಳೆ ಎಷ್ಟು, ನೆರಳು ಹೇಗಿದೆ ಎಂದು ಹೇಳದೆ “ಯಾವ ಕಾಫಿ ತಳಿ ನೆಡಲಿ?” ಎಂದು ಕೇಳಿದಂತೆಯೇ ಅದು. ಯಾವ ದಾರಿಯಲ್ಲಿ, ಯಾರು, ಎಷ್ಟು ರಭಸದಿಂದ ಓಡಿಸುತ್ತಾರೆ ಎಂಬುದು ಮೊದಲು ನಿಶ್ಚಯವಾಗಬೇಕು. ಆ ಮೇಲೆ ಅಂಗಡಿಗೆ ಹೋಗಬೇಕು.

ಎಲ್ಲಿಂದ ಬಂತು?

ಗುಡ್ಡದ ಸೈಕಲ್, ಅಂದರೆ ಮೌಂಟನ್ ಬೈಕ್, ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಮರಿನ್ ಕೌಂಟಿಯ ಗುಡ್ಡಗಳಲ್ಲಿ. 1970ರ ದಶಕದಲ್ಲಿ ಅಲ್ಲಿಯ ಕೆಲವು ತರುಣರು 1930-40ರ ಕಾಲದ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಜರಿಯಿಂದ ಎತ್ತಿ ತಂದು, ಕಾಡಿನ ಬೆಂಕಿ ಆರಿಸಲು ಮಾಡಿದ್ದ ಮಣ್ಣಿನ ರಸ್ತೆಗಳಲ್ಲಿ ಮೇಲಿನಿಂದ ಕೆಳಕ್ಕೆ ಬಿಡತೊಡಗಿದರು. ಆ ರಸ್ತೆಗಳ ಚಿತ್ರ ನೋಡಿದರೆ ನಮ್ಮ ತೋಟದ ಜೀಪು ದಾರಿಗಳ ನೆನಪಾಗುತ್ತದೆ. 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಎಂಬ ಊರಿನ ಹತ್ತಿರ ಅವರು ಇಳಿಜಾರಿನ ಪಂದ್ಯ ಆರಂಭಿಸಿದರು. ಸುಮಾರು ಎರಡು ಮೈಲಿ ದೂರದಲ್ಲಿ 1300 ಅಡಿಯಷ್ಟು ಇಳಿತ. ಆ ಹಳೆಯ ಸೈಕಲ್ಲುಗಳಿಗೆ ಬ್ರೇಕು ಇದ್ದದ್ದು ಹಿಂದಿನ ಚಕ್ರದ ಗುಂಭದೊಳಗೆ, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವಂಥದು. ಕೆಳಗೆ ಬರುವಷ್ಟರಲ್ಲಿ ಅದು ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಮತ್ತೆ ಗ್ರೀಸು ತುಂಬಬೇಕಾಗಿತ್ತು. ಹಾಗೆಂದೇ ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂತು.

ಗುಜರಿ ಫ್ರೇಮುಗಳು ಮುರಿಯತೊಡಗಿದ ಮೇಲೆ ಅವರಲ್ಲೊಬ್ಬನಾದ ಜೋ ಬ್ರೀಜ್ 1977ರಲ್ಲಿ ಇದೇ ಕೆಲಸಕ್ಕೆಂದು ಹೊಸ ಫ್ರೇಮನ್ನು ಕಟ್ಟಿದ. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ, ಟಾಮ್ ರಿಚಿ ಕಟ್ಟಿಕೊಟ್ಟ ಫ್ರೇಮುಗಳನ್ನು ‘ಮೌಂಟನ್‌ಬೈಕ್ಸ್’ ಎಂಬ ಹೆಸರಿನಲ್ಲಿ ಮಾರತೊಡಗಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂದ ಮೇಲೆ ಸಾಮಾನ್ಯ ಅಂಗಡಿಗಳಲ್ಲೂ ಈ ಜಾತಿಯ ಸೈಕಲ್ ಸಿಗುವಂತಾಯಿತು. 1996ರ ಅಟ್ಲಾಂಟ ಒಲಿಂಪಿಕ್ಸಿನಲ್ಲಿ ಇದಕ್ಕೊಂದು ಪಂದ್ಯವೇ ಸೇರಿತು. ಇಷ್ಟು ಕಥೆ ಹೇಳಿದ್ದಕ್ಕೆ ಕಾರಣವಿದೆ. ಈ ಸೈಕಲ್ಲಿನಲ್ಲಿ ಮೊದಲು ಸೋತದ್ದು ಬ್ರೇಕು, ಎರಡನೆಯದಾಗಿ ಸೋತದ್ದು ಫ್ರೇಮು. ಇಂದು ಅಗ್ಗದ ಸೈಕಲ್ಲಿನಲ್ಲಿ ಸೋಲುವುದೂ ಹೆಚ್ಚುಕಡಿಮೆ ಅವೇ.

ಓಡಿಸುವ ರೀತಿ, ಸೈಕಲ್ಲಿನ ಜಾತಿ

ಮಾರಾಟಗಾರರು ಹತ್ತಾರು ಹೆಸರು ಹೇಳುತ್ತಾರೆ. ಮುಖ್ಯವಾಗಿ ನಾಲ್ಕು ಬಗೆ. ಬಗೆಯಿಂದ ಬಗೆಗೆ ದೊಡ್ಡ ವ್ಯತ್ಯಾಸವೆಂದರೆ ಶಾಕ್ ಎಷ್ಟು ಕುಗ್ಗುತ್ತದೆ ಎಂಬುದು. ಇದನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ.

ಮೊದಲನೆಯದು ಕ್ರಾಸ್ ಕಂಟ್ರಿ. ಹತ್ತುವುದೂ ಇಳಿಯುವುದೂ ಸಮನಾಗಿ ಇರುವ, ದೂರ ಹೋಗಬೇಕಾದ ದಾರಿಗೆ ಇದು. ಹಗುರ ಇರುತ್ತದೆ. ಮುಂದಿನ ಶಾಕ್ 100ರಿಂದ 120 ಮಿ.ಮೀ. ಕುಗ್ಗುತ್ತದೆ. ಬಹುಪಾಲು ಹಿಂದೆ ಶಾಕ್ ಇರುವುದಿಲ್ಲ. ಹೀಗೆ ಹಿಂಭಾಗ ಗಟ್ಟಿಯಾಗಿರುವ ಸೈಕಲ್ಲಿಗೆ ಹಾರ್ಡ್‌ಟೇಲ್ ಎನ್ನುತ್ತಾರೆ. ಈ ಪದವನ್ನು ನೆನಪಿಡಿ, ಅಂಗಡಿಯಲ್ಲಿ ಉಪಯೋಗಕ್ಕೆ ಬರುತ್ತದೆ. ನಮ್ಮ ಸದಸ್ಯರ ಮಕ್ಕಳಲ್ಲಿ ಹತ್ತಕ್ಕೆ ಎಂಟು ಮಂದಿಯ ಓಡಾಟ ನನಗೆ ತಿಳಿದಮಟ್ಟಿಗೆ ಹೀಗಿದೆ: ಮನೆಯಿಂದ ಉಣಗೋಲಿನವರೆಗೆ ತೋಟದ ಮಣ್ಣುದಾರಿ, ಅಲ್ಲಿಂದ ಬಸ್‌ಸ್ಟಾಪಿನವರೆಗೆ ಜಲ್ಲಿ ಕಿತ್ತ ರಸ್ತೆ, ರಜೆಯಲ್ಲಿ ಪಕ್ಕದೂರಿನ ಆಟದ ಬಯಲು. ತೋಟ ನೋಡಿ ಬರಲೆಂದು ಬಳಸುವ ನನ್ನಂಥವರದೂ ಇಷ್ಟೇ. ಇದಕ್ಕೆಲ್ಲ ಕ್ರಾಸ್ ಕಂಟ್ರಿ ಹಾರ್ಡ್‌ಟೇಲ್ ಸಾಕು. ಬೇರೆಯದರ ಮೇಲೆ ಕಣ್ಣು ಹಾಕುವುದು ಬೇಡ.

ಎರಡನೆಯದು ಟ್ರೇಲ್. ಕಾಲುದಾರಿ, ಬೇರು, ಬಂಡೆ, ಹಳ್ಳದ ದಡ ಇಂಥವುಗಳ ಮೇಲೆ ಹೋಗುವುದೇ ಸಂತೋಷ ಎನ್ನುವವರಿಗೆ. ಶಾಕ್ 120ರಿಂದ 150 ಮಿ.ಮೀ., ಹಿಂದೆಯೂ ಶಾಕ್ ಇರುವುದು ಸಾಮಾನ್ಯ, ಟೈರು ಇನ್ನಷ್ಟು ದಪ್ಪ. ಮುಂದಿನ ಫೋರ್ಕು ಹೆಚ್ಚು ಓರೆಯಾಗಿ ಚಾಚಿಕೊಂಡಿರುತ್ತದೆ. ಹೀಗೆ ಚಾಚಿದಷ್ಟೂ ಇಳಿಜಾರಿನಲ್ಲಿ ಹ್ಯಾಂಡಲು ನೆಟ್ಟಗೆ ನಿಲ್ಲುತ್ತದೆ, ಆದರೆ ನಿಧಾನವಾಗಿ ಏರು ಹತ್ತುವಾಗ ಮುಂದಿನ ಚಕ್ರ ಅತ್ತಿತ್ತ ಅಲೆಯುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡು ವಾರದ ಕೊನೆಗೆ ಊರಿಗೆ ಬರುವ ನಮ್ಮ ಹುಡುಗರಲ್ಲಿ ಕೆಲವರು ಇಂಥದನ್ನು ಕಾರಿನ ಹಿಂದೆ ಕಟ್ಟಿಕೊಂಡು ಬರುವುದನ್ನು ನೋಡಿರಬಹುದು. ಅವರ ಸಂಬಳಕ್ಕೆ, ಅವರ ಹವ್ಯಾಸಕ್ಕೆ ಅದು ಸರಿ.

ಮೂರನೆಯದು ಎಂಡ್ಯೂರೊ. ಏರನ್ನು ಹೇಗೋ ಹತ್ತಿ, ಇಳಿಜಾರಿನಲ್ಲಿ ಮಾತ್ರ ಸಮಯ ಲೆಕ್ಕ ಹಾಕುವ ಪಂದ್ಯಗಳಿಗೆ ಮಾಡಿದ್ದು. ಶಾಕ್ 150ರಿಂದ 180. ನಾಲ್ಕನೆಯದು ಡೌನ್‌ಹಿಲ್, ಶಾಕ್ ಸುಮಾರು 200. ಇದರಲ್ಲಿ ಏರು ಹತ್ತುವ ಯೋಚನೆಯನ್ನೇ ಮಾಡಿಲ್ಲ. ಯೂರೋಪಿನಲ್ಲಿ ಚಳಿಗಾಲಕ್ಕೆ ಹಿಮದ ಆಟಕ್ಕೆಂದು ಹಾಕಿದ ತಂತಿ ತೊಟ್ಟಿಲುಗಳಲ್ಲಿ ಬೇಸಿಗೆಯಲ್ಲಿ ಈ ಸೈಕಲ್ಲುಗಳನ್ನು ಮೇಲಕ್ಕೆ ಸಾಗಿಸುತ್ತಾರೆ. ನಮ್ಮಲ್ಲಿ ಜೀಪಿನ ಮೇಲೆ ಹೇರಿಕೊಂಡು ಹೋಗಬೇಕು. ಹಾಗೆ ಹೋಗುವ ಉತ್ಸಾಹಿಗಳಿಗೆ ಈ ಲೇಖನದ ಅಗತ್ಯವಿಲ್ಲ.

ಎರಡು ಶಾಕಿನ ಆಸೆ

ಈಗ ಬಹಳ ಜನ ಹಣ ಕಳೆದುಕೊಳ್ಳುವ ಜಾಗಕ್ಕೆ ಬರೋಣ. ಪೇಟೆಯ ಅಂಗಡಿಯಲ್ಲಿ ಹನ್ನೆರಡರಿಂದ ಹದಿನೆಂಟು ಸಾವಿರದ ನಡುವೆ, ಮುಂದೆಯೂ ಹಿಂದೆಯೂ ಶಾಕ್ ಇರುವ, ಕೆಂಪು ಹಳದಿ ಬಣ್ಣದ ಸೈಕಲ್ಲುಗಳು ಸಾಲಾಗಿ ನಿಂತಿರುತ್ತವೆ. ಹುಡುಗನ ಕಣ್ಣು ಹೋಗುವುದೇ ಅಲ್ಲಿಗೆ. ಒಂದಕ್ಕಿಂತ ಎರಡು ಶಾಕ್ ಮೇಲು ಎಂದು ತಂದೆಗೂ ಅನ್ನಿಸುತ್ತದೆ.

ಶಾಕ್ ಎಂದರೆ ಸ್ಪ್ರಿಂಗು ಮಾತ್ರವಲ್ಲ. ಸ್ಪ್ರಿಂಗು ಕುಗ್ಗಿ ಹಿಂದಕ್ಕೆ ಚಿಮ್ಮುತ್ತದೆ. ಆ ಚಿಮ್ಮುವಿಕೆಯನ್ನು ಎಣ್ಣೆಯೊಂದು ಸಣ್ಣ ತೂತಿನಲ್ಲಿ ನುಸುಳುತ್ತ ತಡೆಯಬೇಕು. ಜೀಪಿನ ಶಾಕ್ ಅಬ್ಸಾರ್ಬರಿನ ಎಣ್ಣೆ ಸೋರಿಹೋದ ಮೇಲೆ ಗಾಡಿ ಹೇಗೆ ಕುಣಿಯುತ್ತದೆ ಎಂಬುದು ನಮಗೆಲ್ಲ ಗೊತ್ತು: ಪಟ್ಟಿ ಸ್ಪ್ರಿಂಗು ಸರಿಯಾಗಿಯೇ ಇರುತ್ತದೆ, ಆದರೂ ಒಂದು ಗುಂಡಿ ಹಾರಿದರೆ ಮೂರು ಸಲ ನೆಗೆಯುತ್ತದೆ. ಅಗ್ಗದ ಸೈಕಲ್ಲಿನ ಶಾಕ್ ಹೊಸತಾಗಿದ್ದಾಗಲೇ ಆ ಸ್ಥಿತಿಯಲ್ಲಿರುತ್ತದೆ, ಏಕೆಂದರೆ ಒಳಗೆ ಸ್ಪ್ರಿಂಗೊಂದೇ ಇರುವುದು. ಇಳಿಜಾರಿನಲ್ಲಿ ಅದು ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವ ಬದಲು ನೆಲದಿಂದ ಎಬ್ಬಿಸುತ್ತದೆ. ಏರಿನಲ್ಲಿ ತುಳಿದ ಶಕ್ತಿಯ ಒಂದು ಪಾಲನ್ನು ಹಿಂದಿನ ಸ್ಪ್ರಿಂಗು ನುಂಗುತ್ತದೆ. ಹಿಂಭಾಗ ಮಡಿಚುವ ಕೀಲುಗಳಿಗೆ ನಮ್ಮ ಕೆಮ್ಮಣ್ಣು, ಮಳೆನೀರು ಸೇರಿದರೆ ಒಂದೇ ಮಳೆಗಾಲದಲ್ಲಿ ಲಟಲಟ ಶಬ್ದ ಶುರುವಾಗುತ್ತದೆ, ಹಿಂದಿನ ಚಕ್ರ ಪಕ್ಕಕ್ಕೆ ಆಡುತ್ತದೆ. ಇಷ್ಟಕ್ಕೆ ಎರಡು ಮೂರು ಕಿಲೋ ಹೆಚ್ಚಿನ ಭಾರ ಬೇರೆ. ಆ ಬೆಲೆಯಲ್ಲಿ ಎರಡು ಶಾಕ್ ಕೊಡಬೇಕಾದರೆ ತಯಾರಕ ಬೇರೆಲ್ಲೋ ಉಳಿಸಲೇಬೇಕು. ಉಳಿಸುವುದು ಬ್ರೇಕಿನಲ್ಲಿ, ಚಕ್ರದ ಬೇರಿಂಗಿನಲ್ಲಿ, ಗೇರಿನಲ್ಲಿ.

ನನ್ನ ಅಭಿಪ್ರಾಯ ಹೀಗೆ. ಇಪ್ಪತ್ತೈದು ಸಾವಿರದೊಳಗೆ ಕೊಳ್ಳುವವರು ಹಿಂದಿನ ಶಾಕ್ ಇರುವ ಸೈಕಲ್ಲನ್ನು ಮುಟ್ಟಲೇಬಾರದು. ಹದಿನೈದು ಸಾವಿರದೊಳಗಾದರೆ ಮುಂದಿನ ಶಾಕ್ ಕೂಡ ಇಲ್ಲದ, ಗಟ್ಟಿ ಫೋರ್ಕಿನ, ದಪ್ಪ ಟೈರಿನ ಸೈಕಲ್ ಮೇಲು. ನೋಡಲು ಸಪ್ಪೆ, ಬಾಳಿಕೆ ಹೆಚ್ಚು. ಗಾಳಿ ತುಂಬುವ ಒಳ್ಳೆಯ ಶಾಕ್ ಇರುವ ಹಾರ್ಡ್‌ಟೇಲುಗಳು ಇಂದಿನ ಪೇಟೆಯಲ್ಲಿ ನಲವತ್ತೈದರಿಂದ ಅರವತ್ತು ಸಾವಿರದ ಆಸುಪಾಸಿನಿಂದ ಸಿಗತೊಡಗುತ್ತವೆ. ಗಾಳಿಯ ಶಾಕಿನ ಅನುಕೂಲವೆಂದರೆ ಅದನ್ನು ಸವಾರನ ತೂಕಕ್ಕೆ ಹೊಂದಿಸಬಹುದು: ಸವಾರ ಸುಮ್ಮನೆ ಕುಳಿತಾಗ ಶಾಕ್ ತನ್ನ ಪೂರ್ತಿ ಉದ್ದದ ಐದನೆಯ ಒಂದು ಭಾಗದಿಂದ ಕಾಲು ಭಾಗದವರೆಗೆ ಕುಗ್ಗಬೇಕು. ನಲವತ್ತೈದು ಕಿಲೋದ ಹುಡುಗಿಗೂ ಎಂಬತ್ತು ಕಿಲೋದ ತಂದೆಗೂ ಒಂದೇ ಸೈಕಲನ್ನು ಹೀಗೆ ಹೊಂದಿಸಿಕೊಳ್ಳಬಹುದು, ಅದಕ್ಕೆಂದೇ ಇರುವ ಸಣ್ಣ ಪಂಪು ಬೇಕು ಅಷ್ಟೆ. ಹಿಂದೆಯೂ ಶಾಕ್ ಇರುವ, ನಿಜವಾಗಿ ಕೆಲಸ ಮಾಡುವ ಸೈಕಲ್ಲಿಗೆ ಒಂದೂವರೆ ಲಕ್ಷದಿಂದ ಮೇಲೆ ಲೆಕ್ಕ ಹಾಕಿ.

ಬ್ರೇಕು

ಮಲೆನಾಡಿನಲ್ಲಿ ಸೈಕಲ್ ಕೊಳ್ಳುವವನು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನು. ಮೂರು ಬಗೆಯುಂಟು.

ರಿಮ್ಮನ್ನೇ ರಬ್ಬರಿನಿಂದ ಹಿಡಿಯುವ ಹಳೆಯ ಬಗೆ ಬಯಲುಸೀಮೆಯಲ್ಲಿ ಇಂದಿಗೂ ಸರಿ. ನಮ್ಮಲ್ಲಿ ಜೂನ್ ಬಂತೆಂದರೆ ರಿಮ್ಮು ಸದಾ ಒದ್ದೆ. ಹಿಡಿದ ಕೂಡಲೇ ನಿಲ್ಲುವುದಿಲ್ಲ, ಮೊದಲೊಂದು ಸುತ್ತು ನೀರು ಒರೆಸುವುದಕ್ಕೇ ಹೋಗುತ್ತದೆ. ಅಲ್ಲದೆ ಕೆಮ್ಮಣ್ಣು ರಬ್ಬರಿಗೆ ಅಂಟಿ ಉಪ್ಪುಕಾಗದದಂತೆ ರಿಮ್ಮನ್ನು ತೇಯುತ್ತದೆ.

ಎರಡನೆಯದು ಚಕ್ರದ ನಡುವೆ ಉಕ್ಕಿನ ತಟ್ಟೆ ಇಟ್ಟು ಅದನ್ನು ಹಿಡಿಯುವ ಡಿಸ್ಕ್ ಬ್ರೇಕು, ಆದರೆ ಎಳೆಯುವುದು ತಂತಿ. ತಟ್ಟೆ ಕೆಸರಿನಿಂದ ಮೇಲಿರುವುದರಿಂದ ಮಳೆಯಲ್ಲೂ ಹಿಡಿಯುತ್ತದೆ. ತಂತಿಗೆ ತುಕ್ಕು ಹಿಡಿದರೆ ಬಿಗಿಯಾಗುತ್ತದೆ, ಒಳಗಿನ ಪ್ಯಾಡು ಸವೆದಂತೆಲ್ಲ ನಾವೇ ಸ್ಕ್ರೂ ತಿರುಗಿಸಿ ಹತ್ತಿರ ತರಬೇಕು. ಇದನ್ನು ನೋಡಿಕೊಳ್ಳುವ ಅಭ್ಯಾಸ ಇದ್ದವರಿಗೆ ಅಡ್ಡಿಯಿಲ್ಲ. ಹಳ್ಳಿಯ ಸೈಕಲ್ ಶಾಪಿನಲ್ಲೂ ರಿಪೇರಿಯಾಗುತ್ತದೆ ಎಂಬುದು ಸಣ್ಣ ಗುಣವಲ್ಲ.

ಮೂರನೆಯದು ತಂತಿಯ ಬದಲು ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಡಿಸ್ಕು. ಒಂದು ಬೆರಳಿನಿಂದ ಹಿಡಿಯಬಹುದು, ಪ್ಯಾಡು ಸವೆದದ್ದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಇಪ್ಪತ್ತೈದು ಸಾವಿರ ಮೀರಿ ಹಣ ಹಾಕುವವರು ಇದನ್ನೇ ಕೇಳಿ ಕೊಳ್ಳಬೇಕು. ಇದರಲ್ಲಿ ನಮ್ಮವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಬ್ರೇಕುಗಳಿಗೆ ಎರಡು ಜಾತಿಯ ಎಣ್ಣೆಯುಂಟು: ಕೆಲವಕ್ಕೆ ಮಿನರಲ್ ಆಯಿಲ್, ಕೆಲವಕ್ಕೆ ಜೀಪಿಗೂ ಬೈಕಿಗೂ ಹಾಕುವ ಡಾಟ್ ಎಣ್ಣೆ. ಮಿನರಲ್ ಆಯಿಲಿನ ಬ್ರೇಕಿಗೆ ಶೆಡ್ಡಿನಲ್ಲಿರುವ ಜೀಪಿನ ಬ್ರೇಕ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಬ್ರೇಕು ಕೈಕೊಡುತ್ತದೆ. ಯಾವ ಎಣ್ಣೆ ಎಂದು ಲಿವರಿನ ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಓದಿ ಹಾಕಿ. ಹಾಗೆಯೇ ಚೈನಿಗೆ ಎಣ್ಣೆ ಬಿಡುವಾಗ ಡಿಸ್ಕಿನ ಮೇಲೆ ಒಂದು ಹನಿಯೂ ಬೀಳಬಾರದು. ಬಿದ್ದರೆ ಪ್ಯಾಡು ಎಣ್ಣೆ ಹೀರಿಕೊಂಡು ಹಿಡಿತ ಹೋಗುತ್ತದೆ. ಬಹುಪಾಲು ಹೊಸ ಪ್ಯಾಡೇ ಹಾಕಬೇಕಾಗುತ್ತದೆ. ಪ್ಯಾಡು ಕೊಳ್ಳುವಾಗ ಲೋಹದ ಪುಡಿ ಸೇರಿಸಿದ್ದನ್ನು ಕೇಳಿ. ಸ್ವಲ್ಪ ಸದ್ದು ಮಾಡುತ್ತದೆ, ಆದರೆ ಕೆಸರಿನಲ್ಲಿ ಹೆಚ್ಚು ಕಾಲ ಬರುತ್ತದೆ.

ಘಟ್ಟದ ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮನೆ ಹಿಡಿದುಕೊಂಡೇ ಬಂದರೆ ತಟ್ಟೆ ಕಾದು ಹಿಡಿತ ಕಡಿಮೆಯಾಗುತ್ತದೆ. ಬಲವಾಗಿ ಹಿಡಿದು, ವೇಗ ಇಳಿಸಿ, ಬಿಡಬೇಕು, ಮತ್ತೆ ಹಿಡಿಯಬೇಕು. ಲಾರಿ ಚಾಲಕರು ಘಟ್ಟದಲ್ಲಿ ಮಾಡುವುದೂ ಇದನ್ನೇ. ತಟ್ಟೆ 160 ಮಿ.ಮೀ. ಅಗಲದ್ದು ಸಾಮಾನ್ಯ. ತೂಕ ಹೆಚ್ಚಿರುವವರು ಮುಂದಿನ ಚಕ್ರಕ್ಕಾದರೂ 180ರದು ಇದೆಯೇ ಎಂದು ವಿಚಾರಿಸಲಿ. ನಿಲ್ಲಿಸಿದ ಕೂಡಲೇ ಆ ತಟ್ಟೆಯನ್ನು ಮುಟ್ಟಬೇಡಿ, ಬೆರಳು ಸುಡುತ್ತದೆ.

“ಇಳಿಜಾರಿನಲ್ಲಿ ಮುಂದಿನ ಬ್ರೇಕು ಹಿಡಿಯಲೇಬಾರದು” ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇದು ಅರ್ಧ ಸತ್ಯ. ಇಳಿಯುವಾಗ ಭಾರವೆಲ್ಲ ಮುಂದಿನ ಚಕ್ರದ ಮೇಲಿರುತ್ತದೆ, ಆದುದರಿಂದ ನಿಲ್ಲಿಸುವ ಶಕ್ತಿಯೂ ಅಲ್ಲಿಯೇ ಇರುವುದು. ಹಿಂದಿನದನ್ನು ಮಾತ್ರ ಹಿಡಿದರೆ ಚಕ್ರ ಜಾರಿಕೊಂಡು ಹೋಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಸೀಟಿನಿಂದ ಸ್ವಲ್ಪ ಎದ್ದು, ಮೈಯನ್ನು ಹಿಂದಕ್ಕೆ ಸರಿಸಿ, ಎರಡನ್ನೂ ಹದವಾಗಿ ಹಿಡಿಯುವುದನ್ನು ಮಕ್ಕಳಿಗೆ ಕಣದಲ್ಲಿ ಒಂದು ದಿನ ಅಭ್ಯಾಸ ಮಾಡಿಸಬೇಕು. ಇನ್ನೊಂದು ಮಾತು. ನಮ್ಮಲ್ಲಿ ಬಲಗೈಯದು ಮುಂದಿನ ಬ್ರೇಕು. ಅಮೆರಿಕದ ರೂಢಿಯಲ್ಲಿ ಎಡಗೈಯದು ಮುಂದಿನದು. ಹೊರಗಿನ ಕಂಪನಿಗಳ ಕೆಲವು ಸೈಕಲ್ಲುಗಳು ಹೀಗೆ ಅದಲುಬದಲಾಗಿ ಬರಬಹುದು. ಹತ್ತುವ ಮುಂಚೆ ಲಿವರು ಹಿಡಿದು ನೋಡಿ, ಬೇರೆಯಾಗಿದ್ದರೆ ಅಂಗಡಿಯಲ್ಲೇ ಬದಲಾಯಿಸಿಕೊಳ್ಳಿ.

ಚಕ್ರ, ಟೈರು, ಗೇರು

ಚಕ್ರ 26, 27.5, 29 ಅಂಗುಲ ಎಂದು ಮೂರು ಅಳತೆ. ಮೊದಲು ಎಲ್ಲವೂ 26ರದೇ ಆಗಿದ್ದವು. ಈಗ ಒಳ್ಳೆಯ ಸೈಕಲ್ಲುಗಳಲ್ಲಿ 29ರದೇ ಮೇಲುಗೈ. ಚಕ್ರ ದೊಡ್ಡದಾದಷ್ಟೂ ಬೇರು, ಕಲ್ಲು, ಅಡಿಕೆ ತೋಟದ ಸಣ್ಣ ಬಸಿಗಾಲುವೆ ಇವುಗಳಲ್ಲಿ ಸಿಕ್ಕಿಕೊಳ್ಳದೆ ಉರುಳಿಹೋಗುತ್ತದೆ. ಐದಡಿ ಎರಡಂಗುಲಕ್ಕಿಂತ ಗಿಡ್ಡ ಇರುವವರಿಗೆ 27.5 ಹದವಾಗಿರುತ್ತದೆ. ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ 24ರದು ಕೊಡಿಸಿ.

ಟೈರಿಗೆ ಕಲ್ಲಿನಂತೆ ಗಾಳಿ ತುಂಬುವುದು ನಮ್ಮಲ್ಲಿ ಹಳೆಯ ರೂಢಿ. ಡಾಂಬರಿನ ಮೇಲೆ ಅದು ಸರಿ. ಮಣ್ಣಿನ ಮೇಲೆ ಟೈರು ಸ್ವಲ್ಪ ಮೆತ್ತಗಿದ್ದು ನೆಲವನ್ನು ಅಪ್ಪಿಕೊಂಡರೇ ಹಿಡಿತ. ಎರಡೂಕಾಲು ಅಂಗುಲದ ಟೈರು, ಒಳಗೆ ಟ್ಯೂಬು, ಅರವತ್ತೈದು ಕಿಲೋದ ಸವಾರ ಎಂದಿಟ್ಟುಕೊಂಡರೆ 30ರಿಂದ 35 ಪೌಂಡು ಒತ್ತಡ ಸಾಕು. ಟ್ಯೂಬಿಲ್ಲದ ಬಗೆಯಲ್ಲಿ ಇನ್ನೂ ಐದಾರು ಪೌಂಡು ಇಳಿಸಬಹುದು. ಅದರೊಳಗೆ ರಬ್ಬರ್ ಹಾಲಿನ ದ್ರಾವಣ ಹಾಕಿರುತ್ತಾರೆ; ಮುಳ್ಳು ಚುಚ್ಚಿದರೆ ಆ ಹಾಲೇ ತೂತನ್ನು ಮುಚ್ಚುತ್ತದೆ. ಕೆಲವು ತಿಂಗಳಿಗೊಮ್ಮೆ ಅದು ಒಣಗುತ್ತದೆ, ಮತ್ತೆ ತುಂಬಬೇಕು. ಟೈರಿನ ಗುಬ್ಬಿಗಳು ದೂರ ದೂರ ಇದ್ದರೆ ಕೆಸರು ಅಂಟಿಕೊಳ್ಳದೆ ಉದುರುತ್ತದೆ. ಎಂಥ ಟೈರು ಹಾಕಿದರೂ ಹಾವಸೆ ಕಟ್ಟಿದ ಕಾಂಕ್ರೀಟು, ಒದ್ದೆ ಮರದ ಸಂಕ ಇವೆರಡರ ಮೇಲೆ ಇಳಿದು ತಳ್ಳಿಕೊಂಡು ಹೋಗುವುದೇ ಸರಿ.

ಗೇರಿನ ಸಂಖ್ಯೆಯನ್ನು ನೋಡಿ ಮರುಳಾಗಬೇಡಿ. “21 ಗೇರು” ಎಂದರೆ ಮುಂದೆ 3, ಹಿಂದೆ 7. ಅವುಗಳಲ್ಲಿ ಎಷ್ಟೋ ಒಂದರ ಮೇಲೊಂದು ಬರುವಂಥವೇ. ಈಗಿನ ಒಳ್ಳೆಯ ಸೈಕಲ್ಲುಗಳಲ್ಲಿ ಮುಂದೆ ಒಂದೇ ಹಲ್ಲಿನ ಚಕ್ರ, ಹಿಂದೆ 10ರಿಂದ 12. ಕೇಳಬೇಕಾದ ಪ್ರಶ್ನೆ ಒಂದೇ: ಅತಿ ಹಗುರ ಗೇರಿನಲ್ಲಿ ಪೆಡಲು ಒಂದು ಸುತ್ತು ಬಂದರೆ ಸೈಕಲ್ ಎಷ್ಟು ಮುಂದೆ ಹೋಗುತ್ತದೆ? ನಮ್ಮ ಹಳೆಯ ಕಪ್ಪು ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18. ಚಕ್ರದ ಸುತ್ತಳತೆ ಸುಮಾರು 2.2 ಮೀಟರು. ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರು ಹೋಗುತ್ತದೆ. ಏರಿನಲ್ಲಿ ಇಳಿದು ತಳ್ಳುತ್ತಿದ್ದುದು ಇದರಿಂದಲೇ. ಮುಂದೆ 32, ಹಿಂದೆ 51 ಹಲ್ಲು ಇರುವ 29 ಅಂಗುಲದ ಸೈಕಲ್ಲಿನಲ್ಲಿ ಒಂದು ಸುತ್ತಿಗೆ ಒಂದೂವರೆ ಮೀಟರಿಗೂ ಕಡಿಮೆ. ನಡಿಗೆಯ ವೇಗದಲ್ಲಿ, ಕುಳಿತುಕೊಂಡೇ, ತೋಟದ ಎಂಥ ಏರನ್ನೂ ಹತ್ತಬಹುದು. ಮುಂದಿನ ಹಲ್ಲನ್ನು ಹಿಂದಿನ ದೊಡ್ಡ ಹಲ್ಲಿನ ಸಂಖ್ಯೆಯಿಂದ ಭಾಗಿಸಿ. ಒಂದಕ್ಕಿಂತ ಕಡಿಮೆ ಬಂದರೆ ನಮ್ಮ ಕಡೆಗೆ ಒಪ್ಪುವ ಸೈಕಲ್.

ಅಳತೆ

ಬೆಳೆಯುವ ಮಗು ಎಂದು ಶಾಲೆಯ ಅಂಗಿಯನ್ನು ಒಂದು ಅಳತೆ ದೊಡ್ಡದು ಹೊಲಿಸುವ ರೂಢಿ ಸೈಕಲ್ಲಿಗೆ ನಡೆಯದು. ಸೈಕಲ್ಲಿನ ಮೇಲಿನ ಕೊಳವೆಯ ಮೇಲೆ ಕಾಲು ಹಾಯಿಸಿ ನೆಲದ ಮೇಲೆ ನಿಂತಾಗ ಕೊಳವೆಗೂ ಮೈಗೂ ನಡುವೆ ಕನಿಷ್ಠ ಎರಡು ಅಂಗುಲ ಬಿಡುವಿರಬೇಕು. ಗುಡ್ಡದಲ್ಲಿ ಥಟ್ಟನೆ ಕಾಲೂರಬೇಕಾಗುವುದು ಮೇಲಿಂದ ಮೇಲೆ. ಸೀಟಿನ ಮೇಲೆ ಕುಳಿತು ಪೆಡಲನ್ನು ಕೆಳತುದಿಗೆ ತಂದಾಗ ಮೊಣಕಾಲು ಕೊಂಚವೇ ಬಾಗಿರಬೇಕು. ಹ್ಯಾಂಡಲು ಹಿಡಿಯಲು ಮೈ ಚಾಚಿ ಎಟುಕಿಸಿಕೊಳ್ಳುವಂತಿರಬಾರದು. ಕಂಪನಿಗಳ ಸಣ್ಣ, ಮಧ್ಯಮ, ದೊಡ್ಡ ಎಂಬ ಗುರುತುಗಳು ಒಂದರಂತೆ ಒಂದಿಲ್ಲ, ಆದುದರಿಂದ ಓಡಿಸುವವರನ್ನೇ ಕರೆದುಕೊಂಡು ಹೋಗಿ. ಅಚ್ಚರಿಯಾಗಲೆಂದು ಮಗಳಿಗೆ ತಿಳಿಯದಂತೆ ತಂದುಕೊಡುವುದು ಸೀರೆಗೆ ಸರಿ, ಇದಕ್ಕೆ ಸಲ್ಲದು.

ಕೊಳ್ಳುವಾಗ

ಹೆಸರು ಹೇಳಿ ಇಂಥ ಕಂಪನಿಯದು ಕೊಳ್ಳಿ ಎನ್ನುವುದು ಸಂಘದ ಪತ್ರಿಕೆಗೆ ತಕ್ಕುದಲ್ಲ. ಒಂದು ಸೂತ್ರ ಮಾತ್ರ ಹೇಳಬಲ್ಲೆ: ಅರ್ಧ ದಿನದಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ ರಿಪೇರಿ ಮಾಡಿಕೊಡುವ, ಬಿಡಿಭಾಗ ಇಟ್ಟಿರುವ ಅಂಗಡಿ ಯಾವ ಕಂಪನಿಗೆ ಇದೆಯೋ ಅದನ್ನು ಮೊದಲು ನೋಡಿ. ಔಷಧಿ ಹೊಡೆಯುವ ಪಂಪು ಕೊಳ್ಳುವಾಗ ನಾವು ಇದನ್ನು ತಪ್ಪದೆ ವಿಚಾರಿಸುತ್ತೇವೆ, ಸೈಕಲ್ಲಿಗೆ ಮರೆಯುತ್ತೇವೆ.

ಪೆಟ್ಟಿಗೆಯಲ್ಲಿ ಮನೆಗೇ ಬರುವ ಸೈಕಲ್ಲುಗಳೂ ಉಂಟು. ಬೆಲೆ ಕಡಿಮೆಯಿರಬಹುದು, ಆದರೆ ಪೂರ್ತಿ ಜೋಡಿಸಿರುವುದಿಲ್ಲ. ಹ್ಯಾಂಡಲು, ಪೆಡಲು, ಮುಂದಿನ ಚಕ್ರ ಇವನ್ನು ನಾವೇ ಬಿಗಿಯಬೇಕು. ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಮುಂದಿನ ಫೋರ್ಕನ್ನೇ ಹಿಂದುಮುಂದಾಗಿ ಜೋಡಿಸಿ ಹುಡುಗ ಎರಡು ವಾರ ಓಡಿಸಿದ್ದನ್ನು ಕಂಡಿದ್ದೇನೆ. ಎಡಗಡೆಯ ಪೆಡಲಿನ ಮರೆ ಉಲ್ಟಾ ಇರುತ್ತದೆ ಎಂಬುದು ತಿಳಿಯದೆ ಬಲವಂತವಾಗಿ ತಿರುಗಿಸಿದರೆ ಕ್ರ್ಯಾಂಕಿನ ಮರೆಯೇ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದರಲ್ಲಿ ತಪ್ಪಿಲ್ಲ. ಪೇಟೆಯವರು ಉತ್ಸಾಹದಿಂದ ಕೊಂಡು ಒಂದು ವರ್ಷದಲ್ಲಿ ಮೂಲೆಗೆ ನಿಲ್ಲಿಸಿದ ಒಳ್ಳೆಯ ಸೈಕಲ್ಲುಗಳು ಅರ್ಧ ಬೆಲೆಗೆ ಸಿಗುವುದುಂಟು. ನೋಡಬೇಕಾದದ್ದು ಕೆಲವೇ. ಫ್ರೇಮಿನ ಬೆಸುಗೆಯ ಬಳಿ ಕೂದಲೆಳೆಯಂಥ ಬಿರುಕು ಇದೆಯೇ. ಶಾಕಿನ ನುಣುಪಾದ ಕೊಳವೆಯ ಮೇಲೆ ಉಗುರಿಗೆ ಸಿಗುವಂಥ ಗೀರು ಇದೆಯೇ. ಚಕ್ರ ಎತ್ತಿ ತಿರುಗಿಸಿದರೆ ಓಲಾಡುತ್ತದೆಯೇ. ಚೈನು ಸವೆದಿದೆಯೇ ಎಂಬುದನ್ನು ಒಂದು ಉಕ್ಕಿನ ಸ್ಕೇಲಿನಿಂದ ಹೇಳಬಹುದು. ಒಂದು ಪಿನ್ನಿನ ಮಧ್ಯದಿಂದ ಎಣಿಸಿ ಇಪ್ಪತ್ತನಾಲ್ಕನೆಯ ಪಿನ್ನಿನ ಮಧ್ಯ ಸರಿಯಾಗಿ 12 ಅಂಗುಲಕ್ಕೆ ಬರಬೇಕು. ಅಂಗುಲದ ಹದಿನಾರನೆಯ ಒಂದು ಭಾಗ ಹೆಚ್ಚಾಗಿದ್ದರೆ ಚೈನು ಬದಲಿಸಬೇಕು. ಎಂಟನೆಯ ಒಂದು ಭಾಗ ಮೀರಿದ್ದರೆ ಹಿಂದಿನ ಹಲ್ಲಿನ ಚಕ್ರಗಳೂ ಹೋಗಿವೆ ಎಂದು ತಿಳಿದು ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಕಾರ್ಬನ್ನಿನ ಫ್ರೇಮನ್ನು ಮಾತ್ರ ಹಳೆಯದು ಕೊಳ್ಳಬೇಡಿ. ಒಳಗೆ ಬಿರಿದಿರುವುದು ಹೊರಗೆ ಕಾಣದಿರಬಹುದು.

ಬ್ಯಾಟರಿಯ ಸೈಕಲ್ ಬಗ್ಗೆಯೂ ಕೇಳುತ್ತಾರೆ. 250 ವಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗದ್ದಾದರೆ ಕಾನೂನಿನ ದೃಷ್ಟಿಯಲ್ಲಿ ಅದು ಮೋಟಾರು ವಾಹನವಲ್ಲ. ಮೊಣಕಾಲು ನೋವಿರುವ ನನ್ನ ವಯಸ್ಸಿನವರಿಗೆ ಅನುಕೂಲವೇ. ಆದರೆ ತೂಕ ಇಪ್ಪತ್ತು ಕಿಲೋ ಮೀರುತ್ತದೆ. ಬ್ಯಾಟರಿ ಮುಗಿದ ಮೇಲೆ ಅದನ್ನು ದರೆ ಹತ್ತಿಸುವುದು ಅಕ್ಕಿ ಮೂಟೆ ಹೊತ್ತಂತೆ.

ಹೆಲ್ಮೆಟ್ಟಿನ ಹಣವನ್ನು ಸೈಕಲ್ಲಿನ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ. ಇನ್ನು, ಆಲೂರು, ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆಯ ಸದಸ್ಯರಿಗೆ ಒಂದು ಮಾತು. ಸೈಕಲ್ಲಿಗೆ ಸದ್ದಿಲ್ಲ. ಜೀಪಿನ ಶಬ್ದಕ್ಕೆ ಸರಿದು ನಿಲ್ಲುವ ಆನೆಗೆ ಸೈಕಲ್ ಬಂದದ್ದು ತಿಳಿಯುವುದೇ ಇಲ್ಲ, ತಿರುವಿನಲ್ಲಿ ಎದುರಾಬದುರಾಗುತ್ತೇವೆ. ಬೆಳಕು ಹರಿಯುವ ಮುಂಚೆ, ಕತ್ತಲಾದ ಮೇಲೆ ಮಕ್ಕಳನ್ನು ತೋಟದ ದಾರಿಯಲ್ಲಿ ಬಿಡಬೇಡಿ. ಮೀಸಲು ಅರಣ್ಯ, ಅಭಯಾರಣ್ಯದ ಒಳಗೆ ಅನುಮತಿಯಿಲ್ಲದೆ ಹೋದರೆ ಅರಣ್ಯ ಇಲಾಖೆಯವರು ಕೇಸು ಹಾಕುತ್ತಾರೆ.

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ.ಯನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದೆ. ಬಿಲ್ಲಿನಲ್ಲಿ ಯಾವ ದರ ಹಾಕಿದ್ದಾರೆ ಎಂದು ನೋಡಿ, ಫ್ರೇಮಿನ ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸೈಕಲ್ ಕಳುವಾದರೆ ಠಾಣೆಯಲ್ಲಿ ಕೇಳುವುದು ಆ ನಂಬರನ್ನೇ.

ಹಳೆಯ ಸೈಕಲ್ ಕೊಳ್ಳುವ ಮುಂಚೆ ಒಮ್ಮೆ ನೋಡಿ ಹೇಳಿ ಎನ್ನುವ ಸದಸ್ಯರು ಸಂತೆಯ ದಿನ ಮಧ್ಯಾಹ್ನ ಮೂರರ ಮೇಲೆ ಕಛೇರಿಗೆ ತರಬಹುದು. ಸ್ಕೇಲು ಮತ್ತು ಶಾಕಿಗೆ ಗಾಳಿ ಹಾಕುವ ಪಂಪು ನನ್ನ ಮೇಜಿನ ಡ್ರಾಯರಿನಲ್ಲಿವೆ.